ಡಾಕ್‌ನಲ್ಲಿ ಸಿಕ್ಕಿಕೊಂಡ ಮದುವೆ ಫೋಟೊ

ಹ್ಯಾಂಡ್‌ಪೋಸ್ಟ್ ಎಂಬ ಊರಲ್ಲಿ ನನ್ನ ಫೋಟೊ ಸ್ಟುಡಿಯೊ ಇದ್ದ ಕಾಲ. ನಾನು ಫೋಟೊ ತೆಗೆದಿದ್ದ ಒಂದು ಮದುವೆಯ ಮದುಮಗಳ ಸೋದರಮಾವ ಆ ಫೋಟೊಗಳಿಗಾಗಿ ತಮ್ಮದೇ ಹಾರ್ಡ್‌ಡಿಸ್ಕ್ ತಂದಿದ್ದರು. ಲ್ಯಾಪ್‌ಟಾಪ್ ಕೂರಿಸಿದ್ದ ಡಾಕಿಂಗ್ ಸ್ಟೇಷನ್‌ಗೆ, ಅಂದರೆ ಹೆಚ್ಚುವರಿ ಕಿಂಡಿಗಳಿರುವ ಪೀಠಕ್ಕೆ, ಅದನ್ನು ಚುಚ್ಚಿದೆ. ಗಂಟೆಯಾದರೂ ಕಾಲುಭಾಗವೂ ಕಾಪಿಯಾಗಿರಲಿಲ್ಲ.

"ನಮ್ ಉಡುಗಿ ಫೋಟೊ ಇನ್ನೆಲ್ಲಿಗಾರ ಕಳಿಸ್ತಾ ಇದ್ದೀರೇನ್ರೀ?" ಎಂದರು.

ಕೇಬಲ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಲ್ಯಾಪ್‌ಟಾಪ್‌ಗೇ ನೇರವಾಗಿ ಚುಚ್ಚಿದೆ. ಹತ್ತೇ ನಿಮಿಷದಲ್ಲಿ ಮುಗಿಯಿತು. ಹಳೇ ಡಾಕ್‌ನ ಕಿಂಡಿಯೇ ನಿಧಾನದ್ದು ಎಂದು ವಿವರಿಸಿದೆ.

ಅವರ ಹುಬ್ಬು ಇನ್ನಷ್ಟು ಗಂಟಾಯಿತು. "ಇಷ್ಟ್ ಬೇಗ ಎಂಗಾಯ್ತು? ಅರ್ಧ ಬುಟ್ಬುಟ್ರಾ?"

ಕೂತು ಒಂದೊಂದೇ ಫೋಟೊ ನೋಡತೊಡಗಿದರು. ಊಟದ ಪಂಕ್ತಿಯಲ್ಲಿ ತಾವೇ ಬಾಯಿ ತುಂಬ ಲಾಡು ತುರುಕಿಕೊಂಡಿದ್ದ ಫೋಟೊ ಬಂತು.

"ಇದೊಂದ ಅಳಿಸ್ಬುಡಿ" ಎಂದು ಪಿಸುಗುಟ್ಟಿದರು.

ಹಾರ್ಡ್‌ಡಿಸ್ಕ್, ಲ್ಯಾಪ್‌ಟಾಪ್ ಎರಡೂ ಕಡೆ ಅಳಿಸಿದೆ ಎಂದೆ. ಅದನ್ನು ಮಾತ್ರ ಒಂದೇ ಮಾತಿಗೆ ನಂಬಿದರು.