ಮಾವನವರ ಚಪ್ಪಲಿ ಪ್ರಕರಣ

ಇವತ್ತು ಬೆಳಿಗ್ಗೆ ಪಡಸಾಲೆಗೆ ಬಂದರೆ ಮನೆತುಂಬ ಹರಳೆಣ್ಣೆ ಮತ್ತು ಹೊಸ ಚರ್ಮದ ವಾಸನೆ. ನಮ್ಮ ಮಾವನವರು, ಅಂದರೆ ನನ್ನ ಗಂಡನ ತಂದೆ, ಕಿಟಕಿಯ ಬಿಸಿಲಿಗೆ ಕಾಲು ಚಾಚಿ ಕೂತು ಹೊಸ ಕೊಲ್ಹಾಪುರಿ ಚಪ್ಪಲಿಗೆ ಎಣ್ಣೆ ತಿಕ್ಕುತ್ತಿದ್ದರು. ಈ ಚಪ್ಪಲಿ ನಾಲ್ಕು ದಿನ ಎಣ್ಣೆ ಕುಡಿಯದಿದ್ದರೆ ಹಿಮ್ಮಡಿ ಕಚ್ಚುತ್ತದೆ. ಎಂಬತ್ತರ ಹತ್ತಿರ ಬಂದರೂ ಅವರಿಗೆ ಈ ಕೆಲಸವನ್ನು ಬೇರೆಯವರು ಮಾಡಿದರೆ ಸಮಾಧಾನವಿಲ್ಲ. ಎಣ್ಣೆ ತಿಕ್ಕುತ್ತ ಯಾವುದೋ ಆಲಾಪವನ್ನು ಮೂಗಿನಲ್ಲೇ ಎಳೆಯುತ್ತಿದ್ದರು.

ನನಗೆ ಈ ವಾಸನೆ ಬಂದರೆ ಪೊಲೀಸ್ ಠಾಣೆ ನೆನಪಾಗುತ್ತದೆ. ನಗಬೇಡಿ. ಕೆಲವರಿಗೆ ಮಲ್ಲಿಗೆಯ ವಾಸನೆಯಿಂದ ಮದುವೆ ನೆನಪಾಗುತ್ತದಂತೆ. ನನ್ನ ಮದುವೆಗೂ ಠಾಣೆಗೂ ನಡುವೆ ಇಪ್ಪತ್ತಾರೇ ದಿನಗಳ ಅಂತರವಿದ್ದುದರಿಂದ ಎರಡೂ ಕಲಸಿಹೋಗಿವೆ.

ನಾನು ಗದಗಿನ ಕಡೆಯವಳು. ಕಾನೂನು ಓದಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದೆ. ಬಂಧನ, ಜಾಮೀನು, ಆರೋಪಿಯ ಹಕ್ಕು, ಎಲ್ಲವೂ ಬಾಯಿಪಾಠ. ಬಾರದಿದ್ದದ್ದು ಒಂದೇ, ಮರಾಠಿ. ಮದುವೆಯಾಗಿ ಮಿರಜಿಗೆ ಬಂದಾಗ ಅದೇನೂ ತೊಂದರೆ ಅನ್ನಿಸಲಿಲ್ಲ, ಯಾಕೆಂದರೆ ಮನೆಯಲ್ಲಿ ಎಲ್ಲರದೂ ಕನ್ನಡವೇ. ಆದರೆ ಅದು ಎಂಥ ಕನ್ನಡ ಅಂತೀರಿ! ಅಡುಗೆಮನೆಯಲ್ಲಿ ಶುರುವಾದ ವಾಕ್ಯ ಹೊಸ್ತಿಲು ದಾಟುವಷ್ಟರಲ್ಲಿ ಮರಾಠಿಯಾಗಿರುತ್ತಿತ್ತು. ನಾನು ಅರ್ಧ ವಾಕ್ಯ ಹಿಡಿದುಕೊಂಡು ಉಳಿದರ್ಧವನ್ನು ಊಹಿಸುತ್ತಿದ್ದೆ. ಊಹೆ ತಪ್ಪಿದಾಗೆಲ್ಲ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದರು.

ನನ್ನ ಓದಿನ ಬಗ್ಗೆ ಮಾತ್ರ ಅತ್ತೆ ನಗುತ್ತಿರಲಿಲ್ಲ. ಬಂದ ಮೂರನೇ ದಿನವೇ ಹೇಳಿದ್ದರು: "ಕಲ್ತದ್ದು ಛಲೋ ಆತವಾ. ಆದ್ರ ನಮ್ಮ ಮನ್ಯಾಗ ಕೋರ್ಟಿನ ಮೆಟ್ಟಲಾ ಯಾರೂ ಹತ್ತಿಲ್ಲ. ನೀನೂ ಹತ್ತೂದು ಬ್ಯಾಡ." ಗಂಡ ತಟ್ಟೆ ನೋಡುತ್ತ ಊಟ ಮಾಡುತ್ತಿದ್ದರು. ಮಾವನವರು ತಾವು ಅರಿಶಿನ ತೂಗುವ ಸಾಂಗಲಿಯ ಪೇಟೆಯಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದರು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಈ ಮಾವನವರಿಗೆ ಎರಡು ವಿಷಯದಲ್ಲಿ ಹುಚ್ಚಿತ್ತು. ಒಂದು ತಮ್ಮ ತಕ್ಕಡಿ, ಇನ್ನೊಂದು ಹಿಂದೂಸ್ತಾನಿ ಸಂಗೀತ. ಅವರು ತೂಗಿದ್ದನ್ನು ಪೇಟೆಯಲ್ಲಿ ಯಾರೂ ಮತ್ತೆ ತೂಗುತ್ತಿರಲಿಲ್ಲ, ಅವರ ಹೆಸರೇ ಅಷ್ಟು. ಸಂಗೀತದ ವಿಷಯಕ್ಕೆ ಬಂದರೆ, ಯಾರಾದರೂ ಹಾಡುವಾಗ ಪಕ್ಕದವರು ಶೇಂಗಾ ಒಡೆದರೂ ತಿರುಗಿ ನೋಡುತ್ತಿದ್ದರು. ಆ ನೋಟಕ್ಕೆ ಹೆದರಿ ಮನೆಯಲ್ಲಿ ರೇಡಿಯೋ ಹಚ್ಚಿದಾಗ ನಾವು ಒಗ್ಗರಣೆಯನ್ನೂ ತಡೆದು ಹಾಕುತ್ತಿದ್ದೆವು.

ಆ ವರ್ಷ ಊರಿನಲ್ಲಿ ಮೂರು ದಿನದ ಸಂಗೀತ ಸಮ್ಮೇಳನವಿತ್ತು. "ಸೂನಬಾಯಿ, ನೀ ಬರ್ತಿಯೇನು?" ಎಂದು ಮಾವನವರು ಕೇಳಿದರು. ಸೊಸೆಯನ್ನು ಅವರು ಕರೆಯುತ್ತಿದ್ದದ್ದೇ ಹಾಗೆ, ಮರಾಠಿಯಲ್ಲಿ. ತಂಬೂರಿ ಮಾಡುವವರು ಬುರುಡೆಗೆಂದು ಕುಂಬಳ ಒಣಗಿಸುವ ಓಣಿ ದಾಟಿ ಇಬ್ಬರೂ ನಡೆದು ಹೋದೆವು. ಮಧ್ಯಾಹ್ನದ ಕಾರ್ಯಕ್ರಮ. ಪೆಂಡಾಲಿನ ಹೊರಗೆ ಚಪ್ಪಲಿಗಳ ದೊಡ್ಡ ಗುಂಪು, ಮುಕ್ಕಾಲುಪಾಲು ಕೊಲ್ಹಾಪುರಿಯೇ. ನಾನು ಹೆಂಗಸರ ಕಡೆ ಕೂತೆ. ಸತ್ಯ ಹೇಳಬೇಕೆಂದರೆ ಅರ್ಧ ಗಂಟೆಯಲ್ಲಿ ಸಣ್ಣ ನಿದ್ದೆಯನ್ನೂ ಮಾಡಿದೆ. ಎಚ್ಚರವಾದದ್ದು ಚಪ್ಪಾಳೆಗೆ.

ಹೊರಗೆ ಬಂದರೆ ಗೇಟಿನ ಹತ್ತಿರ ಗದ್ದಲ. ರಸ್ತೆ ಕೆಲಸ ಮಾಡಿಸುವ ಗುತ್ತಿಗೆದಾರರೊಬ್ಬರು ನಮ್ಮ ಮಾವನವರ ಪಾದಗಳ ಕಡೆ ಬೆರಳು ಮಾಡಿ ಮರಾಠಿಯಲ್ಲಿ ಕೂಗಾಡುತ್ತಿದ್ದರು. ಮಾವನವರ ಕಾಲಲ್ಲಿ ಹೊಂಬಣ್ಣದ ಹೊಚ್ಚ ಹೊಸ ಚಪ್ಪಲಿ. ಅವರದು ಐದು ವರ್ಷ ಸವೆದು ಕರ್ರಗಾದ ಜೋಡು ಎಂದು ನನಗೆ ಗೊತ್ತಿತ್ತು. ಪಾಪ, ವಯಸ್ಸಾಯಿತು, ಕಣ್ಣು ಮಂಜಾಗಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಹವಾಲ್ದಾರರೊಬ್ಬರು ಬಂದು ಮಾವನವರ ಹೆಗಲು ಮುಟ್ಟಿ "ಚೌಕಶಿ" ಅಂದರು.

ಮರಾಠಿಯಲ್ಲಿ ಚೌಕಶಿ ಎಂದರೆ ವಿಚಾರಣೆ. ನನಗೇನು ಗೊತ್ತು? ನಮ್ಮ ಕಡೆ ಚೌಕಾಶಿ ಎಂದರೆ ಕಾಯಿಪಲ್ಯೆಯವಳ ಹತ್ತಿರ ಮಾಡುವುದು. ಓಹೋ, ನಡುರಸ್ತೆಯಲ್ಲೇ ಲಂಚದ ದರ ಕುದುರಿಸುತ್ತಾರಲ್ಲ ಎಂದು ನನ್ನ ರಕ್ತ ಕುದಿಯಿತು. ಹಿಂದಿನಿಂದಲೇ ಠಾಣೆಗೆ ನಡೆದೆ. ತಲೆಯ ಮೇಲಿನ ಸೆರಗು ಹೆಗಲಿಗೆ ಬಂದದ್ದು ಕೂಡ ಗೊತ್ತಾಗಲಿಲ್ಲ.

ಠಾಣೆಯಲ್ಲಿ ಫೌಜದಾರರು, ಅಂದರೆ ಅಲ್ಲಿಯ ಸಬ್ ಇನ್ಸ್‌ಪೆಕ್ಟರು, ಇನ್ನೂ ಮೀಸೆ ಚಿಗುರುತ್ತಿದ್ದ ತರುಣ. ಮಾವನವರಿಗೆ ಕುರ್ಚಿ ಕೊಟ್ಟರು. ಗುತ್ತಿಗೆದಾರರು ಎದುರಿಗೆ. ನಾನು ಬಾಗಿಲ ಬಳಿಯ ಬೆಂಚಿನ ಮೇಲೆ. ಫೌಜದಾರರು ಮಾವನವರಿಗೆ ಏನೋ ಒಂದು ವಾಕ್ಯ ಹೇಳಿ, ಕೊನೆಗೆ ಸ್ಪಷ್ಟವಾಗಿ ಕೇಳಿದರು: "ಕಳ್ಳ?"

ಮಾವನವರು ತಲೆಯಾಡಿಸಿ ಅಂದರು: "ಕಳ್ಳ."

ಫೌಜದಾರರು ಇನ್ನೊಂದು ವಾಕ್ಯ ಹೇಳಿದರು. "ಕಳ್ಳ?" ಮಾವನವರು ಮತ್ತೆ, ಒಂದು ಚೂರೂ ಸಂಕೋಚವಿಲ್ಲದೆ, "ಕಳ್ಳ." ಮೂರನೆಯ ಸಲವೂ ಅದೇ ಪ್ರಶ್ನೆ, ಅದೇ ಉತ್ತರ. ಇಡೀ ಪೇಟೆ ನಂಬುವ ಮನುಷ್ಯರು ನನ್ನ ಕಣ್ಣೆದುರಿಗೇ ಮೂರು ಸಲ ತಪ್ಪೊಪ್ಪಿಕೊಂಡರು! ನಾನು ಬೆಂಚಿನಿಂದ ಎದ್ದು ಕೂಗಿದೆ: "ನಮ್ಮ ಮಾವಾರು ಕಳ್ಳ ಅಲ್ರೀ!"

ಫೌಜದಾರರು ನನ್ನ ಕಡೆ ತಿರುಗಿ, ಬಹಳ ಸೌಜನ್ಯದಿಂದ ಅಂದರು: "ಹೋ, ತ್ಯಾಂನಾ ಕಳ್ಳಯ್."

ಇದಕ್ಕಿಂತ ಹೆಚ್ಚಿನ ಅವಮಾನ ಏನಿದೆ? ನಾನು ಕಲಿತದ್ದೆಲ್ಲ ಒಂದೇ ಉಸಿರಿಗೆ ಹೊರಬಂತು. ಸಂವಿಧಾನದ ಇಪ್ಪತ್ತನೇ ವಿಧಿ, ಮೂರನೇ ಖಂಡ. ಯಾರನ್ನೂ ಅವರ ವಿರುದ್ಧವೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವಂತಿಲ್ಲ. ಹಿಡಿದ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ವಕೀಲರನ್ನು ಕರೆಯಲು ಬಿಡಬೇಕು, ಬಂಧಿಸಿದರೆ ಇಪ್ಪತ್ನಾಲ್ಕು ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಎಲ್ಲವೂ ಅಪ್ಪಟ ಗದಗಿನ ಕನ್ನಡದಲ್ಲಿ. ಫೌಜದಾರರು ಪೆನ್ನು ಹಿಡಿದು ಹಾಗೇ ಕೂತರು. ಗುತ್ತಿಗೆದಾರರು ಬಾಯಿ ಬಿಟ್ಟುಕೊಂಡು ನೋಡಿದರು.

ನಕ್ಕವರು ಹವಾಲ್ದಾರರು ಮಾತ್ರ. ಅವರು ಮಿರಜಿನ ಪಕ್ಕದ ಬೇಡಗದವರು, ಕನ್ನಡ ಬಲ್ಲವರು. ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣು ಒರೆಸಿಕೊಂಡು ಹೇಳಿದರು: "ಅಕ್ಕಾರ, ಮರಾಠಿ ಒಳಗ ಕಳ್ಳ ಅಂದ್ರ ತಿಳೀತು ಅಂತರೀ. ಸಾಹೇಬರು ತಿಳೀತೇನು ಅಂತ ಕೇಳ್ಯಾರ, ನಿಮ್ಮ ಮಾವಾರು ತಿಳೀತು ಅಂದಾರ. ಹೌದು, ಅವರಿಗೆ ತಿಳದೈತಿ ಅಂತ ನಿಮಗೂ ಹೇಳ್ಯಾರ."

"ಏನು ತಿಳೀತು?"

"ನಿಮ್ಮನ್ನ ಅರೆಸ್ಟ್ ಮಾಡಿಲ್ಲ, ಬರೇ ವಿಚಾರಣಿ ಐತಿ, ತಿಳೀತೇನು? ಮನಿಗೆ ಫೋನ್ ಮಾಡಬಹುದು, ತಿಳೀತೇನು? ಬೇಕಾದ್ರ ವಕೀಲರನ್ನ ಕರಸ್ರಿ, ತಿಳೀತೇನು? ನೀವು ಈಗ ಹೇಳಿದ್ದನ್ನ ಸಾಹೇಬರು ಮೊದಲ ಹೇಳಿ ಮುಗಿಸ್ಯಾರ್ರೀ."

ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ತೆರೆಯಲಿಲ್ಲ. ಫೌಜದಾರರು ವಿಷಯ ತಿಳಿದು ತುಟಿ ಕಚ್ಚಿ ನಗು ತಡೆದರು. ಮಾವನವರು ಮಾತ್ರ ನಗದೆ ನನ್ನನ್ನು ಹೊಸದಾಗಿ ನೋಡುವವರ ಹಾಗೆ ನೋಡುತ್ತಿದ್ದರು.

ಗುತ್ತಿಗೆದಾರರಿಗೆ ನಗೆಯ ಹಂಗಿರಲಿಲ್ಲ. ಅವರು ಒಂದು ಹಾಳೆ ಮುಂದೆ ತಳ್ಳಿದರು. ಅದಕ್ಕೆ ಮಾಫಿನಾಮಾ ಅಂತ ಹೆಸರು ಎಂದು ಹವಾಲ್ದಾರರು ಬಿಡಿಸಿ ಹೇಳಿದರು. ನಾನು ಇವರ ಚಪ್ಪಲಿ ಕದ್ದೆ, ಕ್ಷಮಿಸಿ, ಎಂದು ಬರೆದು ಸಹಿ ಹಾಕಿದರೆ ಕೇಸು ಬೇಡವಂತೆ. ಕೇಳಲಿಕ್ಕೆ ಸಣ್ಣ ಮಾತು. ಆದರೆ ಆ ಹಾಳೆ ಸಾಂಗಲಿಯ ಪೇಟೆಗೆ ಹೋದರೆ? ಚಪ್ಪಲಿ ಕದ್ದವನ ತಕ್ಕಡಿಯಲ್ಲಿ ಯಾರು ಅರಿಶಿನ ತೂಗಿಸುತ್ತಾರೆ? ನಲವತ್ತು ವರ್ಷದ ಹೆಸರು ಒಂದು ಸಹಿಯಲ್ಲಿ ಹೋಗುತ್ತಿತ್ತು. ಮಾವನವರ ಕೈ ಪೆನ್ನಿನ ಕಡೆ ಹೋದದ್ದನ್ನು ಕಂಡು ನನ್ನ ನಾಚಿಕೆ ಎಲ್ಲಿ ಹೋಯಿತೋ, ಮತ್ತೆ ಎದ್ದೆ.

"ಮಾವಾರ, ಒಂದಕ್ಷರ ಬರೀಬ್ಯಾಡ್ರಿ. ಮಾತೂ ಆಡಬ್ಯಾಡ್ರಿ. ಸುಮ್ನ ಇರೂದು ನಿಮ್ಮ ಹಕ್ಕ ಐತಿ."

ಮಾವನವರು ಕೈ ಹಿಂದಕ್ಕೆ ತೆಗೆದುಕೊಂಡು ಬಾಯಿ ಮುಚ್ಚಿದರು. ಆಮೇಲೆ ನಾನು ಹವಾಲ್ದಾರರ ಬಾಯಿಂದ ಫೌಜದಾರರಿಗೆ ಹೇಳಿಸಿದೆ: ಕಳವು ಅನ್ನಬೇಕಾದರೆ ಕೆಟ್ಟ ಉದ್ದೇಶ ಇರಬೇಕು, ಕಣ್ಣು ಕಾಣದ ಮುದುಕರು ಗುಂಪಿನಲ್ಲಿ ಜೋಡು ಅದಲುಬದಲು ಮಾಡಿಕೊಂಡರೆ ಅದು ಕಳವಲ್ಲ. ಹೇಳುತ್ತ ಹೇಳುತ್ತ ನನ್ನ ಕಣ್ಣು ಗುತ್ತಿಗೆದಾರರ ಕಾಲಿಗೆ ಹೋಯಿತು. ಅವರ ಕಾಲಲ್ಲೂ ಚಪ್ಪಲಿ! ಎಷ್ಟು ಚಿಕ್ಕದೆಂದರೆ ಹಿಮ್ಮಡಿ ಎರಡು ಬೆರಳು ಹೊರಗೆ ಬಂದಿತ್ತು.

"ಇವರ ಜೋಡು ಕಳದಾವು ಅಂದ್ರ, ಇವರು ಹಾಕ್ಕೊಂಡು ಬಂದದ್ದು ಯಾರದ್ರೀ?"

ಹವಾಲ್ದಾರರು ಇದನ್ನು ಮರಾಠಿಗೆ ತಿರುಗಿಸುವಾಗ ಬೇಕಂತಲೇ ನಿಧಾನ ಮಾಡಿದರು ಅಂತ ನನ್ನ ಗುಮಾನಿ. ಗುತ್ತಿಗೆದಾರರು ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಬಿಸಿಲು ಸುಡುತ್ತಿತ್ತು, ಕೈಗೆ ಸಿಕ್ಕದ್ದು ಮೆಟ್ಟಿಕೊಂಡು ಬಂದೆ ಅಂದರು. ಫೌಜದಾರರು ಪೆನ್ನಿನ ಟೊಪ್ಪಿಗೆ ಹಾಕಿ, ಹಾಗಾದರೆ ಮೊದಲು ಯಾರ ಮೇಲೆ ಬರೆಯಲಿ ಎಂದು ಕೇಳಿದರು. ಐದೇ ನಿಮಿಷದಲ್ಲಿ ಹಾಳೆ ಹರಿಯಿತು. ಮಾವನವರು ಬರಿಗಾಲಲ್ಲಿ, ಗುತ್ತಿಗೆದಾರರು ಹೊಸ ಜೋಡಿನಲ್ಲಿ, ಹವಾಲ್ದಾರರು ಆ ಚಿಕ್ಕ ಜೋಡನ್ನು ಕೈಯಲ್ಲಿ ಹಿಡಿದು, ಮಾವನವರ ಹಳೆಯ ಜೋಡನ್ನೂ ಚಿಕ್ಕ ಜೋಡಿನ ಧಣಿಯನ್ನೂ ಹುಡುಕುತ್ತ ಎಲ್ಲರೂ ಪೆಂಡಾಲಿಗೆ ವಾಪಸು ಬಂದೆವು.

ಮನೆಗೆ ಬಂದು ಮಾವನವರು ಅತ್ತೆಗೆ ಒಂದೇ ಮಾತು ಹೇಳಿದರು: "ನಾಳಿಂದ ಸೂನಬಾಯಿ ಮರಾಠಿ ಕಲೀಲಿ. ಆಮ್ಯಾಲೆ ಕೋರ್ಟಿಗೆ ಹೋಗ್ಲಿ." ಅತ್ತೆ ಚಹಾ ಸೋಸುವುದನ್ನು ನಿಲ್ಲಿಸಿ ಅವರ ಮುಖ ನೋಡಿದರು, ಮತ್ತೆ ಸೋಸಿದರು. ಅಲ್ಲಿಗೆ ಆ ವಿಷಯ ಮುಗಿಯಿತು. ಎರಡು ವರ್ಷದ ಮೇಲೆ ನಾನು ವಕೀಲಿಯ ಸನ್ನದು ಪಡೆದೆ. ಕಾನೂನಿನ ಕಲಮುಗಳ ನಂಬರುಗಳು ಈಗ ಬದಲಾಗಿವೆ, ನನ್ನ ಕನ್ನಡಕದ ನಂಬರೂ ಬದಲಾಗಿದೆ. ಆದರೆ ಮೊದಲ ಕಕ್ಷಿದಾರರು ನಿರಪರಾಧಿಯಾಗಿದ್ದರು ಎಂಬ ಹೆಮ್ಮೆ ಹಾಗೇ ಇತ್ತು. ಇತ್ತು, ಇವತ್ತು ಬೆಳಗಿನವರೆಗೆ.

"ಮಾವಾರ, ಆವತ್ತಿನ ಚಪ್ಪಲಿ ನೆನಪೈತೇನ್ರಿ?" ಎಂದು ಕೇಳಿದೆ, ಸುಮ್ಮನೆ ಚೇಷ್ಟೆಗೆ.

ಅವರು ಎಣ್ಣೆಯ ಬಟ್ಟೆ ಕೆಳಗಿಟ್ಟರು. "ನೆನಪಿಲ್ದ ಏನು. ಆ ಮನಷಾ ಮುಂದಿನ ಸಾಲಿನ್ಯಾಗ ಕುಂತಿದ್ದ. ಆಲಾಪ ನಡದಾಗ ಮೂರು ಸಲ ಫೋನಿನ್ಯಾಗ ಮಾತಾಡಿದ. ಸಿಮೆಂಟಿನ ಮಾತು! ಅಂವ ಜೋಡು ಬಿಟ್ಟದ್ದು ನಾ ನೋಡಿದ್ದೆ. ಬಿಸಲಾಗ ಬರಿಗಾಲಿಲೆ ನಡೀಲಿ ಮಗಾ ಅಂತ ಹಾಕ್ಕೊಂಡೆ."

"ಅಂದ್ರ... ಗೊತ್ತಿದ್ದ ತಗೊಂಡ್ರಿ?"

"ನನ್ನ ಕಣ್ಣಿಗೆ ಏನಾಗೇತಿ? ನೀ ಮಾತಾಡಬ್ಯಾಡ್ರಿ ಅಂದಿ, ಛಲೋ ಆತು. ಮಾತಾಡಿದ್ರ ಖರೇ ಹೇಳಬೇಕಾಗ್ತಿತ್ತು."

ನಾನು ಅಲ್ಲೇ ನೆಲಕ್ಕೆ ಕೂತೆ. ಸ್ವಲ್ಪ ಹೊತ್ತಿಗೆಂದು ಒಯ್ದರೂ ಕಳವು ಕಳವೇ. ಇದನ್ನು ನಾನು ಎಷ್ಟು ಜನರಿಗೆ ಹೇಳಿಲ್ಲ! ಸಿಟ್ಟು ಬಂತು, ಆಮೇಲೆ ತಡೆಯಲಾರದ ನಗೆ ಬಂತು, ನಗೆಯ ಕೆಳಗೆ ಬೇರೇನೋ ಒಂದು ಇರಿಸುಮುರಿಸೂ ಉಳಿಯಿತು. ಅವರು ನಿಜವಾಗಿ ತೆಗೆದುಕೊಂಡಿದ್ದಾರೆ ಎಂದು ಆವತ್ತೇ ಗೊತ್ತಿದ್ದರೆ ನಾನು ಎದ್ದು ನಿಲ್ಲುತ್ತಿದ್ದೆನೇ? ನಿಲ್ಲುತ್ತಿರಲಿಲ್ಲ ಅನ್ನಿಸುತ್ತದೆ. ಬೆಂಚಿನ ಮೇಲೆ ಕೂತೇ, ಆ ಕೈ ಪೆನ್ನಿನ ಕಡೆ ಹೋಗುವುದನ್ನು ನೋಡುತ್ತಿರುತ್ತಿದ್ದೆ. ಒಂದು ಜೋಡು ಚಪ್ಪಲಿಗೆ ನಲವತ್ತು ವರ್ಷದ ಹೆಸರು ತೆತ್ತಂತಾಗುತ್ತಿತ್ತು. ಮಾವನವರು ಈ ತತ್ವವಿಚಾರಕ್ಕೆ ಕಾಯದೆ ಇನ್ನೊಂದು ಚಪ್ಪಲಿ ಕೈಗೆತ್ತಿಕೊಂಡರು. ಸನ್ನದು ಪಡೆಯುವ ಮೊದಲು ನಡೆದದ್ದಾದ್ದರಿಂದ ಕಕ್ಷಿದಾರರ ಗುಟ್ಟು ಬಿಡಬಾರದೆಂಬ ವಕೀಲರ ನಿಯಮ ನನಗೆ ಅನ್ವಯಿಸುವುದಿಲ್ಲ. ಅದಕ್ಕೇ ನಿಮಗೆ ಧೈರ್ಯವಾಗಿ ಹೇಳುತ್ತಿದ್ದೇನೆ.

ಹತ್ತು ಗಂಟೆಗೆ ಖಂಡೇರಾಜುರಿ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಮನೆಯ ಮುಂದಿನ ಕೋಣೆಯೇ ನನ್ನ ಕಚೇರಿ. ಅವಳ ಗಂಡ ಸಮಾರಂಭಗಳಿಗೆ ಧ್ವನಿವರ್ಧಕ ಹಾಕುವವನು. ಸಾಂಗಲಿಯ ಹೊರಗೆ ಈಗಿನ ಹುಡುಗರ ಸಂಗೀತೋತ್ಸವವಿತ್ತಂತೆ, ಅಲ್ಲಿ ಕಾವಲಿನವರ ಜೊತೆ ಹೊಡೆದಾಟವಾಯಿತಂತೆ, ನಿನ್ನೆ ಸಂಜೆ ಪೊಲೀಸರು ಅವನನ್ನು ಹಿಡಿದೊಯ್ದರಂತೆ. ಕುರ್ಚಿಯ ತುದಿಯಲ್ಲಿ ಕೂತು ಸೆರಗು ಹಿಂಡುತ್ತ ಅಂದಳು: "ಬಾಯಾರ, ನಮ್ಮ ಮನಿಯವ್ರು ಏನೂ ಮಾಡಿಲ್ರೀ."

ಇಷ್ಟು ವರ್ಷ ಈ ಮಾತಿಗೆ ನಾನು ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಿದ್ದದ್ದು ಒಂದೇ: ಖರೇ ಹೇಳ್ರಿ, ಮಾಡ್ಯಾರೋ ಇಲ್ಲೋ? ಉತ್ತರ ಸ್ವಲ್ಪ ತಡವರಿಸಿದರೆ ನನ್ನ ಕೆಲಸವೂ ಸ್ವಲ್ಪ ನಿಧಾನವಾಗುತ್ತಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಇವತ್ತು ಆ ಪ್ರಶ್ನೆ ನಾಲಿಗೆಯ ತನಕ ಬಂತು. ಪಡಸಾಲೆಯಲ್ಲಿ ಮಾವನವರು ಕೆಮ್ಮಿದರು. ಪ್ರಶ್ನೆಯನ್ನು ನುಂಗಿಕೊಂಡೆ.

"ಅದು ಇರಲಿ. ಯಾವ ಠಾಣೆ? ಎಷ್ಟೊತ್ತಿಗೆ ಹಿಡದ್ರು? ಯಾಕ ಹಿಡದೇವಿ ಅಂತ ಹೇಳ್ಯಾರೇನು? ಊಟ ಕೊಟ್ಟಾರೇನು?"

ಅವಳು ಸೆರಗು ಬಿಟ್ಟಳು. "ಮಾಡ್ಯಾರೋ ಇಲ್ಲೋ ನೀವು ಕೇಳೂದಿಲ್ರೇನು?"

"ಇಲ್ಲವಾ. ಮಾಡಿದ್ರೂ ನಾ ಬರ್ತೇನಿ, ಮಾಡದಿದ್ರೂ ಬರ್ತೇನಿ."

ಅವಳು ಕುರ್ಚಿಯಲ್ಲಿ ಹಿಂದಕ್ಕೆ ಸರಿದು, ಬೆನ್ನು ಆನಿಸಿ ಸರಿಯಾಗಿ ಕೂತಳು. ಒಮ್ಮೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು.

"ಹಂಗಾದ್ರ ಖರೇ ಹೇಳ್ತೇನ್ರಿ ಬಾಯಾರ. ಒಂದೇಟು ಇವರೂ ಹೊಡದಾರ್ರಿ."