ಮಂಟೇಸ್ವಾಮಿ ಬರೆದ ಎರಡು ಎಕರೆ

ಶಾಸಕ ರುದ್ರೇಶ್ ಅವರದು ಬರೀ ಬಾಯಿ, ಮಾತೆಲ್ಲ ಮಂಟೇಸ್ವಾಮಿಯದು. ಹದಿನೆಂಟು ವರ್ಷ ಹೀಗೇ ನಡೆಯಿತು. ಹುಲ್ಲಹಳ್ಳಿ ಪಕ್ಕದ ಕೇರಿಯಲ್ಲಿ ಹುಟ್ಟಿ ಎಂ.ಎ. ಓದಿದ ಈ ಮನುಷ್ಯ ಮೇಷ್ಟ್ರಾಗಿ ತಣ್ಣಗಿರಬಹುದಿತ್ತು. ಶಾಸಕರಿಗೆ ಸಲಹೆ ಹೇಳುವ ಜಾಗದಲ್ಲಿದ್ದರೆ ಕೇರಿಗೆ ಒಳ್ಳೆಯದಾಗುತ್ತದೆ ಎಂದು ನಂಬಿ ಕೆಟ್ಟ.

ಅವನಿಗೆ ಬೇಕಿದ್ದದ್ದು ಒಂದೇ, ಕೇರಿಗೊಂದು ಸ್ಮಶಾನ. ಅಪ್ಪನನ್ನು ನಾಲೆ ಏರಿಯ ಮೇಲೆ ಮಣ್ಣು ಮಾಡಿದ್ದರು. ನಾಲೆ ಅಗಲ ಮಾಡುವಾಗ ಜೆಸಿಬಿ ಆ ಗುಂಡಿಯನ್ನೂ ಕೆದರಿಹಾಕಿತು. ಅಂದಿನಿಂದ ಅವ್ವ ಸಾಕಮ್ಮನದು ಒಂದೇ ರಾಗ.

"ನನ್ನೂ ಅಲ್ಲೇ ಆಕ್ಬುಡಬ್ಯಾಡ ಕಣಪ್ಪ. ಯಾರೂ ಅಗೀದಿರೋ ಜಾಗ ನೋಡು."

ಅದಕ್ಕೇ ಎಲ್ಲ ಭಾಷಣದಲ್ಲೂ ಸ್ಮಶಾನದ ಮಾತು ತುರುಕುತ್ತಿದ್ದ. ರುದ್ರೇಶ್ ಓದುತ್ತಿದ್ದರು, ಜನ ಚಪ್ಪಾಳೆ ತಟ್ಟುತ್ತಿದ್ದರು, ಕೇರಿಯವರು ತಾಲ್ಲೂಕು ಕಚೇರಿಗೆ ಕೊಟ್ಟ ಅರ್ಜಿ ಮಾತ್ರ ಇದ್ದಲ್ಲೇ ಇರುತ್ತಿತ್ತು. ಕೊನೆಗೆ ರೋಸಿಹೋಗಿ ಒಂದು ಉಪಾಯ ಹೂಡಿದ. ಟಿ. ನರಸೀಪುರದ ಸಮಾವೇಶದ ಭಾಷಣದಲ್ಲಿ, ತನ್ನ ಕೇರಿಗೆ ಎರಡು ಎಕರೆ ಸ್ಮಶಾನ ಆಗಲೇ ಕೊಟ್ಟಾಗಿದೆ ಎಂದು ಬರೆದುಬಿಟ್ಟ. ಅಷ್ಟು ಜನರೆದುರು ಹೇಳಿದ ಮೇಲೆ ಮಾನಕ್ಕಂಜಿಯಾದರೂ ಕೊಡಿಸುತ್ತಾರೆ ಎಂಬ ಆಸೆ. ಅಯ್ಯೋ ಪೆದ್ದೇ! ಮಾನಕ್ಕಂಜುವವರಿಗೆ ಭಾಷಣ ಬರೆದುಕೊಡುವವನು ಯಾಕೆ ಬೇಕು?

ರುದ್ರೇಶ್ ಗಂಟಲು ಬಿಚ್ಚಿ ಓದಿದರು. ಪೇಪರಿನಲ್ಲೂ ಬಂತು. ತಿಂಗಳು ಬಿಟ್ಟು ವಿಚಾರಿಸಲು ಹೋದರೆ, ಅರ್ಜಿ ನೋಡುವ ಗುಮಾಸ್ತ ಚಾಮಯ್ಯ ಫೈಲು ತೆಗೆದು, ಅದರೊಳಗೆ ಅಂಟಿಸಿದ್ದ ಪೇಪರಿನ ತುಣುಕು ತೋರಿಸಿದ.

"ನಿಮ್ ಸಾಹೇಬ್ರೇ ಕೊಟ್ಟಾಯ್ತು ಅಂದವ್ರಲ್ಲ ಸಾ. ಅರ್ಜಿ ಮುಗಿಸಿವ್ನಿ."

"ಅದು ನಾನ್ ಬರ್ದಿದ್ದು ಕಣ್ರೀ, ಸುಳ್ಳು!"

"ಅಂಗಂತ ಸಾಹೇಬ್ರ ಕೈಲೇ ಬರುಸ್ಕೊಂಡ್ ಬನ್ನಿ."

ರುದ್ರೇಶ್ ಸುತರಾಂ ಒಪ್ಪಲಿಲ್ಲ. "ನಾನೇ ಸುಳ್ಳು ಹೇಳ್ದೆ ಅಂತ ಬರ್ಕೊಡ್ಲೇನಯ್ಯಾ? ಎಲೆಕ್ಷನ್ ಮುಗೀಲಿ, ನೋಡಣ." ಎಲೆಕ್ಷನ್ ಮುಗಿಯಿತು. ಇನ್ನೊಂದೂ ಬಂದು ಹೋಯಿತು.

ಕಳೆದ ಶ್ರಾವಣದಲ್ಲಿ ಸಾಕಮ್ಮ ತೀರಿಕೊಂಡಳು. ಬೇರೆ ಜಾಗವೆಲ್ಲಿ? ನಾಲೆ ಏರಿಯಲ್ಲೇ ಗುಂಡಿ ತೆಗೆದರು. ಮೂರಡಿಗೇ ನೀರು ಜಿನುಗಿತು. ಬೊಗಸೆಯಲ್ಲಿ ಮೊಗೆದು ಹಾಕುತ್ತಾ ಮಂಟೇಸ್ವಾಮಿ ಬಿಕ್ಕಿಬಿಕ್ಕಿ ಅತ್ತ. ಅವ್ವನ ಒಂದು ಮಾತು ಉಳಿಸಿಕೊಳ್ಳಲು ಅವನಿಂದಾಗಲಿಲ್ಲ.

ಅಷ್ಟರಲ್ಲಿ ರುದ್ರೇಶ್ ಬಂದರು. ಹೆಣಕ್ಕೆ ಹಾರ ಹಾಕಿ, ನೆರೆದ ಜನರನ್ನೊಮ್ಮೆ ನೋಡಿ, ಅಭ್ಯಾಸಬಲದಿಂದ ಅವನತ್ತ ಕೈ ಚಾಚಿದರು.

"ಚೀಟಿ ಎಲ್ಲಯ್ಯಾ?"

ಚೀಟಿ ಇತ್ತು. ಬೆಳಿಗ್ಗೆ ಅವ್ವನ ತಲೆದೆಸೆಯಲ್ಲಿ ಕೂತೇ ಬರೆದಿದ್ದ. ಕೆಸರುಗೈಯಲ್ಲೇ ತೆಗೆದುಕೊಟ್ಟ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅದರಲ್ಲಿ ಸ್ಮಶಾನದ ಮಾತಿರಲಿಲ್ಲ. ರುದ್ರೇಶ್ ಅವರಿಗೆ ಅದು ಗೊತ್ತಾಗಲೂ ಇಲ್ಲ, ಗಂಟಲು ಬಿಚ್ಚಿ ಓದಿದರು.