ಕೆಂಪಾಜಮ್ಮನ ಮನೆಗೆ ಬಂದ ಬುಲೆಟ್

ಕೆಂಪಾಜಮ್ಮ ತಮ್ಮ ಗೇಟಿನ ಮುಂದೆ ಯಾರನ್ನೂ ಬರಿ ಹೊಟ್ಟೆಯಲ್ಲಿ ದಾಟಲು ಬಿಡುತ್ತಿರಲಿಲ್ಲ. ಒಂದು ಕೈ ಗೇಟಿನ ಮೇಲೆ, ಇನ್ನೊಂದು ಕೈಯಲ್ಲಿ ಸಾರಿನ ಸೌಟು. ಕರೆಂಟ್ ಬಿಲ್ ಕೊಡಲು ಬಂದವನು ಒಂದು ಮುದ್ದೆ ಉಂಡು ಹೋಗಬೇಕು, ಗ್ಯಾಸ್ ಸಿಲಿಂಡರ್ ಹೊತ್ತು ತಂದವನಾದರೆ ಎರಡು. ಒಮ್ಮೆ ಪುರಸಭೆ ಚುನಾವಣೆಗೆ ಮತ ಕೇಳಲು ಬಂದ ಅಭ್ಯರ್ಥಿಯೊಬ್ಬರು ಉಂಡ ಮೇಲೆ ಪಕ್ಕದ ಬೀದಿಗೆ ಹೋಗುವ ಶಕ್ತಿ ಉಳಿಯದೆ ಅವರ ಜಗುಲಿಯ ಮೇಲೆಯೇ ನಿದ್ದೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ವಾರ್ಡಿನಲ್ಲಿ ಅವರು ಸೋತರು.

ಹುಣಸೂರಿನ ಸರ್ಕಾರಿ ಶಾಲೆಯಲ್ಲಿ ನಾನು ಟೀಚರ್ ಆಗಿದ್ದಾಗ ಅವರ ಮನೆಯ ಮುಂಭಾಗದಲ್ಲಿ ಬಾಡಿಗೆಗಿದ್ದೆ. ಅವರ ದನಿ ಎಂಥದೆಂದರೆ, ಅಡುಗೆಮನೆಯಲ್ಲಿ ನಿಂತೇ ಬಸ್ ಸ್ಟ್ಯಾಂಡಿನಲ್ಲಿದ್ದವರನ್ನು ಬೈಯಬಹುದಿತ್ತು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಗಳಲ್ಲಿ ಬೆಂಕಿ ನೋಡಿಕೊಳ್ಳುತ್ತಿದ್ದ ಮನುಷ್ಯನಂತೆ. ಅವರ ಹೆಸರು ಏನೆಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ, ಏಕೆಂದರೆ ಕೆಂಪಾಜಮ್ಮ ಗಂಡನ ಹೆಸರು ಹೇಳುವ ಪೈಕಿಯಲ್ಲ.

"ಅಯ್ಯೋ ಬುಡಿ ಮೇಡಮ್ಮ, ನಮ್ಮನೆಯೋರಾ? ಟವೆಲ್ಲ ತಲೆ ಮ್ಯಾಕೆ ಆಕ್ಕಂಡು ಮೂಲೇಲಿ ಕುಂತ್ರೆ ಕುಂತ್ರು. ಉಣ್ಣಿ ಅಂದ್ರೆ ಊ ಇಲ್ಲ, ಸಾಕಾ ಅಂದ್ರೆ ಊಊಂ ಇಲ್ಲ. ಸಾರು ಚೆಂದಾಗದಾ ಅಂತ ಕೇಳಿ ಕೇಳಿ ನನ್ ಗಂಟ್ಲು ಇಂಗಾಯ್ತು ಕಣ್ರೀ" ಎನ್ನುವರು.

ಮಹಡಿಯ ಕೋಣೆಯಲ್ಲಿ ಹಂಪಾಪುರದ ಕಡೆಯ ನವೀನ ಎಂಬ ಹುಡುಗ ಇದ್ದ. ಬ್ಯಾಂಕಿನ ಕೆಲಸ, ಇನ್ನೂ ಮದುವೆ ಆಗಿರಲಿಲ್ಲ. ಅವನ ಬಳಿ ಒಂದು ಆಮೆ ಇತ್ತು, ಮುದ್ದೆ ಮಡಿಕೆಯ ಮುಚ್ಚಳದಷ್ಟು ದೊಡ್ಡದು. ಹೆಸರು ಬುಲೆಟ್. ನಮ್ಮ ಕಾಡಿನ ಆಮೆ ಸಾಕಿದರೆ ಅರಣ್ಯ ಇಲಾಖೆಯವರು ಬಿಡುವುದಿಲ್ಲ, ಇದು ಪರದೇಶದ ಜಾತಿ, ಕಾಗದಪತ್ರವೆಲ್ಲ ಸರಿಯಾಗಿದೆ ಎಂದು ಯಾರೂ ಕೇಳದೆಯೇ ಹೇಳುತ್ತಿದ್ದ. ಮಳೆಗಾಲದ ಕೊನೆಯಲ್ಲಿ ಬ್ಯಾಂಕಿನವರು ಅವನನ್ನು ತರಬೇತಿಗೆಂದು ದೂರದ ಊರಿಗೆ ಕಳಿಸಿದರು. ಹೊರಡುವಾಗ ಆಮೆಯನ್ನು ಕೆಂಪಾಜಮ್ಮನ ಮಡಿಲಿಗೆ ಹಾಕಿದ.

"ಹಸಿ ಹುಲ್ಲು, ದಾಸವಾಳದ ಎಲೆ, ಸೊಪ್ಪು. ಬೆಳಗಿನ ಬಿಸಿಲು. ಅಗಲ ತಟ್ಟೇಲಿ ಒಂಚೂರು ನೀರು. ಬೇಸಿದ್ದು ಮಾತ್ರ ಏನೂ ಕೊಡ್ಬೇಡಿ ಅವ್ವಾ" ಎಂದ.

ಅವನ ಆಟೋ ತಿರುವು ದಾಟುವವರೆಗೆ ತಲೆಯಾಡಿಸುತ್ತ ನಿಂತಿದ್ದ ಕೆಂಪಾಜಮ್ಮ, ದಾಟಿದ ತಕ್ಷಣ ನನ್ನ ಕಡೆ ತಿರುಗಿದರು. "ಪಾಪ ಕಣ್ರೀ, ಬೇಸಾಕೋರು ಇಲ್ದೆ ಇದು ಇಷ್ಟು ದಿನ ಅಸಿ ಹುಲ್ಲು ತಿನ್ಕಂಡದೆ. ಆ ಹುಡ್ಗುಂಗೆ ಅಡ್ಗೆ ಬರಾಕಿಲ್ಲ, ಅದ ಯೋಳಕೆ ನಾಚ್ಕೆ. ನನ್ ಮನೇಲೂ ಅಸಿ ಹುಲ್ಲಾ?"

ಅವತ್ತೇ ಮುದ್ದೆ, ಬಸ್ಸಾರು. ಮಾರನೆಯ ದಿನ ಉಪ್ಪಿಟ್ಟು. ಅದರ ಮಾರನೆಯ ದಿನ, ಹಲ್ಲಿಲ್ಲದ ಪ್ರಾಣಿ ಎಂದು ಯಾರೋ ಹೇಳಿದ್ದಕ್ಕೆ, ಅನ್ನ ಕಿವುಚಿ ಹಾಲು ಹಾಕಿದರು. ಬುಲೆಟ್ ಮೂಸಿಯೂ ನೋಡಲಿಲ್ಲ. ಕೆಂಪಾಜಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಚಿಪ್ಪಿನ ಮೇಲೆ ಬೆರಳಿನಿಂದ ಟಕಟಕ ಬಡಿದು, "ಲೇ ಬುಲೆಟ್ಟು, ಬಾಯ್ ತಗಿಲಾ!" ಎಂದು ಕೂಗುವರು. ಅವರು ಕೂಗಿದಷ್ಟೂ ತಲೆ ಒಳಕ್ಕೆ. ನಾನು ಹುಲ್ಲು, ದಾಸವಾಳದ ಎಲೆ ತಂದು ಹಾಕಿದರೆ ಅದರ ಮುಂದೆಯೂ ಅವರೇ ಕಾವಲು ಕೂತು "ತಿನ್ನು, ತಿನ್ನು" ಎನ್ನುವರು. ಮನುಷ್ಯರೇ ಆ ದನಿಗೆ ಹೆದರಿ ಉಣ್ಣುತ್ತಿದ್ದರು, ಆಮೆ ಹೆದರಿ ಉಪವಾಸ ಬಿತ್ತು.

ಮೈ ಒಣಗಿರುವುದೇ ಕಾರಣವಿರಬೇಕೆಂದು ಒಂದು ಶನಿವಾರ ಅದಕ್ಕೆ ಹರಳೆಣ್ಣೆ ಹಚ್ಚಿ, ಬೆಚ್ಚಗೆ ನೀರು ಹಾಕಿದರು. ಒರೆಸಲು ಎತ್ತಿದಾಗ ಅದು ಕೈಯಿಂದ ಜಾರಿ ಚಾಪೆಯ ಮೇಲೆ ಅಂಗಾತ ಬಿದ್ದು ಬುಗುರಿಯಂತೆ ಒಂದು ಸುತ್ತು ಸುತ್ತಿತು. ಸದ್ಯ, ಏನೂ ಆಗಲಿಲ್ಲ. "ಇದ್ಕೆ ದೃಷ್ಟಿ ಆಗದೆ" ಎಂದು ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ನಾನು, ಕೆಂಪಾಜಮ್ಮ, ಪಕ್ಕದ ಮನೆಯವರು ಎಲ್ಲರೂ ಕೆಮ್ಮಿದೆವು. ಬುಲೆಟ್ ಮಾತ್ರ ಬಾಗಿಲು ಹಾಕಿಕೊಂಡಿದ್ದರಿಂದ ಬಚಾವಾಯಿತು.

ಆಮೇಲೆ ದನದ ಆಸ್ಪತ್ರೆ. ಆಮೆಯನ್ನು ಮಂಕರಿ ಬುಟ್ಟಿಯಲ್ಲಿಟ್ಟು ಹಳೆ ಸೀರೆ ಮುಚ್ಚಿ ಆಟೋದಲ್ಲಿ ಹೋದೆವು. ಡಾಕ್ಟರು ಅದನ್ನು ಹಿಂದೆ ಮುಂದೆ ತಿರುಗಿಸಿ, "ಬಾಯಿ ಎಲ್ಲಮ್ಮ ಇದರದು?" ಎಂದರು.

"ಅದ ಉಡಿಕ್ಕೊಡಿ ಅಂತ್ಲೇ ಬಂದಿರಾದು ಡಾಕ್ಟ್ರೇ."

"ನಾನು ಹಸು ಎಮ್ಮೆ ನೋಡೋನು. ಬಿಸಿಲಿಗೆ ಬಿಡಿ, ಸೊಪ್ಪು ಹಾಕಿ, ನೀವು ಒಂದಷ್ಟು ದಿನ ಅದರ ತಂಟೆಗೆ ಹೋಗದೆ ಸುಮ್ಮನಿರಿ" ಎಂದರು ಡಾಕ್ಟರು.

ದಾರಿಯುದ್ದಕ್ಕೂ ಕೆಂಪಾಜಮ್ಮ ಸಿಡಿಮಿಡಿ. "ಸುಮ್ಕಿರಾದು ಅಂದ್ರೇನು? ಅದೂ ಒಂದು ಔಸ್ದೀನಾ?" ಆದರೆ ಮನೆ ತಲುಪುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು. "ನನ್ ನಂಬಿ ಬುಟ್ಟೋಗವ್ನೆ ಮೇಡಮ್ಮ. ಕೆಂಪಾಜಿ ಮನೇಲಿ ಒಂದು ಜೀವ ಉಪಾಸ ಬಿದ್ದು ಸತ್ತೋಯ್ತು ಅಂತ ಎಸ್ರು ಬರ್ಬೇಕಾ?" ಅವತ್ತು ಅವರೂ ಉಣ್ಣಲಿಲ್ಲ. ಅವರಿಗೆ ಉಣಿಸಲು ನನಗೆ ಅಂಥ ದನಿಯೂ ಇರಲಿಲ್ಲ.

ಅಷ್ಟರಲ್ಲಿ ಪಿತೃಪಕ್ಷ ಬಂತು. ಹಿರಿಯರಿಗೆ ಎಡೆ ಇಡುವ ಹಬ್ಬ. ಮಿರ್ಲೆಯಿಂದ ಮಗಳು ಲತಾ ಬಂದಳು. ಒಳಕೋಣೆಯಲ್ಲಿ ಬಾಳೆಎಲೆ ಹಾಕಿ ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ, ಹೆಚ್ಚಿದ ಸೌತೆಕಾಯಿ, ಒಂದು ಕಟ್ಟು ಬೀಡಿ, ಸಣ್ಣ ಬಾಟಲಿಯಲ್ಲಿ ಬ್ರಾಂದಿ ಎಲ್ಲ ಇಟ್ಟರು. ಪಕ್ಕದಲ್ಲಿ ಹೊಸ ಪಂಚೆ, ಮೇಲೆ ಚೆಂಡು ಹೂವು. ಎಲ್ಲರೂ ಅಡ್ಡಬಿದ್ದು ಹೊರಗೆ ಬಂದು ಬಾಗಿಲು ಹಾಕಿದರು. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು, ಸದ್ದು ಮಾಡಬಾರದು. ಕೆಂಪಾಜಮ್ಮನ ಬಾಯಿ ಇಡೀ ವರ್ಷದಲ್ಲಿ ಮುಚ್ಚಿರುತ್ತಿದ್ದದ್ದು ಅಷ್ಟೊತ್ತು ಮಾತ್ರ.

ಬಾಗಿಲು ತೆಗೆದರೆ ಎಡೆಗೆ ಯಾರೋ ಬಾಯಿ ಹಾಕಿದ್ದರು! ಸೌತೆಕಾಯಿ ಒಂದು ಹೋಳೂ ಇಲ್ಲ. ಚೆಂಡು ಹೂವು ಇಲ್ಲ. ಬಾಳೆಎಲೆಯ ಅಂಚನ್ನೂ ಕಚ್ಚಿದ ಗುರುತು. ಕೆಂಪಾಜಮ್ಮ ಎದೆ ಮೇಲೆ ಕೈಯಿಟ್ಟುಕೊಂಡರು. "ಬಂದವ್ರೆ! ಲತಾ, ನಿಮ್ಮಪ್ಪ ಬಂದು ಉಂಡವ್ರೆ ಕಣೆ!" ಮತ್ತೆ ಬಗ್ಗಿ ನೋಡಿ, "ಮಟನ್ ಮುಟ್ಟಿಲ್ಲ. ಅಯ್ಯೋ, ಬ್ರಾಂದೀನೂ ಮುಟ್ಟಿಲ್ಲ! ನಾನು ಬಾಯ್ ಬಡ್ಕಂಡ್ರೂ ಬುಡ್ದೇ ಇದ್ದೋರು ಅಲ್ಲೋಗಿ ಕುಡಿಯಾದ ಬುಟ್ಟವ್ರೆ!"

ಆಗ ಹೊಸ ಪಂಚೆಯ ಮಡಿಕೆ ಅಲುಗಾಡಿತು. ಒಳಗಿಂದ ಬುಲೆಟ್ ಹೊರಗೆ ಬಂದಿತು. ಮೂತಿಗೆ ಚೆಂಡು ಹೂವಿನ ಒಂದು ಎಸಳು ಅಂಟಿತ್ತು. ಬೆಳಿಗ್ಗೆ ಚಳಿಯೆಂದು ಆ ಕೋಣೆಯ ಮಂಚದ ಕೆಳಗೆ ಬಿಟ್ಟಿದ್ದನ್ನು ಹಬ್ಬದ ಗಡಿಬಿಡಿಯಲ್ಲಿ ಎಲ್ಲರೂ ಮರೆತಿದ್ದೆವು.

ಲತಾ ನಗು ತಡೆಯಲಾರದೆ, "ಅವ್ವಾ, ಬುಲೆಟ್ಟು ತಿಂದಿರಾದು" ಎಂದಳು.

"ಬಾಯ್ ಮುಚ್ಚೆ! ಎಡೆ ಉಂಡೋರ್ನ ಎಸ್ರಿಡ್ದು ಕೂಗ್ತೀಯಾ?"

ನಾವಿಬ್ಬರೂ ನಗು ನಿಲ್ಲಿಸಿದೆವು. ಕೆಂಪಾಜಮ್ಮ ಆಮೆಯ ಮುಂದೆ ಕೂತು, ಸೆರಗು ಸರಿಮಾಡಿಕೊಂಡು, ನಾನು ಅದುವರೆಗೆ ಕೇಳಿರದ ಸಣ್ಣ ದನಿಯಲ್ಲಿ, "ಅಲ್ಲಾ, ಇಷ್ಟು ದಿನ ಯಾಕ್ರೀ ಉಣ್ಣಲಿಲ್ಲ?" ಎಂದರು. ಆಮೆ ತಲೆ ಒಳಗೆಳೆದುಕೊಳ್ಳಲಿಲ್ಲ. ಅವರನ್ನೇ ನೋಡುತ್ತ ಎಸಳು ನುಂಗಿತು.

ಅಂದಿನಿಂದ ನಮ್ಮ ಮನೆಯಲ್ಲಿ ಬುಲೆಟ್ ಎಂಬ ಹೆಸರನ್ನು ಯಾರೂ ಎತ್ತುವಂತಿರಲಿಲ್ಲ. "ಇವ್ರು" ಅಷ್ಟೇ. ಇವ್ರು ಬಿಸಿಲಿಗೆ ಹೋಗವ್ರೆ, ಇವ್ರಿಗೆ ನುಗ್ಗೆಸೊಪ್ಪು ಆಗಿಬರ್ತದೆ, ಇವ್ರು ಸಿಟ್ಟಾಗವ್ರೆ. ನಿಜವಾಗಿ ನಂಬಿದ್ದರೋ, ಬೈಯಲು ಒಬ್ಬರು ಸಿಕ್ಕಿದರಲ್ಲ ಎಂಬ ಖುಷಿಯೋ, ನಾನು ಕೇಳಲಿಲ್ಲ. ಆದರೆ ಬಡಿಸುವ ರೀತಿ ಬದಲಾಯಿತು. ಹಸಿ ಸೊಪ್ಪನ್ನು ಎಲೆಯ ಮೇಲೆ ಹಾಕಿ, ಒಳಕೋಣೆಯ ಬಾಗಿಲು ಮುಂದೆಳೆದು, ಹೊಸ್ತಿಲಾಚೆ ತುಟಿ ಬಿಗಿದು ಕೂರುವರು. ಗೇಟಿನ ಸದ್ದು ಮಾಡಿದವರಿಗೆ ಸೌಟಿನಲ್ಲೇ ಸನ್ನೆ: ಸದ್ದು ಮಾಡಬೇಡಿ, ಉಣ್ತಾವ್ರೆ. ಸ್ವಲ್ಪ ಹೊತ್ತಿಗೆ ಒಳಗಿಂದ ಕರಕರ ಅಗಿಯುವ ಸದ್ದು ಬರುತ್ತಿತ್ತು. ಆ ಸದ್ದು ಕೇಳುವಾಗಿನ ಅವರ ಮುಖವನ್ನು ನಾನು ಮರೆಯಲಾರೆ. ಅಡುಗೆ ಚೆನ್ನಾಗಿದೆ ಎಂದು ಯಾರೋ ಕಡೆಗೂ ಬಾಯಿಬಿಟ್ಟು ಹೇಳಿದಂತೆ ಅರಳಿರುತ್ತಿತ್ತು.

ದೀಪಾವಳಿಗೆ ನವೀನ ಬಂದ. ಹುಬ್ಬಳ್ಳಿಗೆ ವರ್ಗವಾಗಿತ್ತು. ಆಮೆ ದುಂಡಗಾಗಿರುವುದು ನೋಡಿ ಹಿಗ್ಗಿಹೋದ. ಕೊಡುವುದಿಲ್ಲ ಎಂದು ಕೆಂಪಾಜಮ್ಮ ಹಟ ಹಿಡಿಯುತ್ತಾರೆ ಎಂದುಕೊಂಡಿದ್ದೆ. ಹಿಡಿಯಲಿಲ್ಲ. ಬೆಳಿಗ್ಗೆ ಎದ್ದು ದಾಸವಾಳದ ಎಲೆ ಕಿತ್ತು, ತೊಳೆದು, ಒದ್ದೆ ಬಟ್ಟೆಯಲ್ಲಿ ಬುತ್ತಿ ಕಟ್ಟಿದರು. ಮಂಕರಿಯಲ್ಲಿ ಆ ಹೊಸ ಪಂಚೆಯನ್ನೇ ಹಾಸಿದರು. ನವೀನ ಕಾರಿನ ಬಾಗಿಲು ಹಾಕುವ ಮುಂಚೆ ಅವನ ಕೈ ಹಿಡಿದುಕೊಂಡರು.

"ನೋಡಪ್ಪ, ಇವ್ರು ಮೂಲೆ ಸೇರ್ಕಂಡು ಮುಖ ಒಳಿಕ್ಕೆ ಎಳ್ಕಂಡ್ರೆ, ಉಣ್ಣಿ ಉಣ್ಣಿ ಅಂತ ಜೀವ ತಿನ್ಬ್ಯಾಡ. ಇಟ್ಬುಟ್ಟು ಆಚೆ ಬಂದು ಕುಂತ್ಕೊ. ಅವ್ರಾಗೇ ಬತ್ತಾರೆ. ಇಷ್ಟು ಗೊತ್ತಾಗ್ದೆ ನಾನು ಒಂದು ಜಲ್ಮ ಪೂರ್ತಿ ಅವರ ತಲೆ ಮ್ಯಾಲೆ ಕುಂತು ಕೂಗಾಡ್ದೆ ಕಣಪ್ಪ."

ನವೀನನಿಗೆ ಅರ್ಥವಾಯಿತೋ ಇಲ್ಲವೋ. "ಆಯ್ತು ಅವ್ವಾ" ಎಂದ.

ಮುಂದಿನ ವರ್ಷ ನನಗೆ ಪಿರಿಯಾಪಟ್ಟಣಕ್ಕೆ ವರ್ಗವಾಯಿತು. ಕೆಂಪಾಜಮ್ಮ ಮಗಳ ಮನೆಗೆಂದು ಮಿರ್ಲೆಗೆ ಹೋದವರು ಅಲ್ಲೇ ತೀರಿಕೊಂಡರು. ಬೆಳಿಗ್ಗೆ ಬಂದಿದ್ದ ನೆಂಟರಿಗೆ ಮುದ್ದೆ ಬಡಿಸಿ, ಕೈ ತೊಳೆದು ಮಲಗಿದವರು ಏಳಲಿಲ್ಲ ಎಂದಳು ಲತಾ. ಮಣ್ಣಿಗೆ ಹೋಗಿ ಬಂದು ನವೀನನಿಗೆ ಫೋನ್ ಮಾಡಿದೆ. ಅವನು ಕೇಳಿದ:

"ಮೇಡಂ, ಇವ್ರಿಗೆ ಹೇಳ್ಲಾ?"

ಅಳುತ್ತಿದ್ದವಳಿಗೆ ನಗು ಬಂತು, ನಗುತ್ತಲೇ ಮತ್ತೆ ಅಳು ಬಂತು.

"ಹೇಳು ನವೀನ" ಎಂದೆ. "ಆದ್ರೆ ಸ್ವಲ್ಪ ದೂರ ಕೂತು, ಮೆಲ್ಲಗೆ ಹೇಳು."